ಗಡಿಮನೆಯ ಮಾತು: ನಿವ್ವಳ ಎಷ್ಟು?



ತಾಂಡೂರಿನ ಕಡೆಯ ಒಬ್ಬ ನಿವೃತ್ತ ಅಧ್ಯಾಪಕರು ನಮ್ಮ ಪತ್ರಿಕೆಯ ಬಹುಕಾಲದ ವಾಚಕರು. ಅವರು ಕಳೆದ ತಿಂಗಳು ನಮಗೊಂದು ಉದ್ದನೆಯ ಕಾಗದ ಬರೆದಿರುವರು. ಹೈದರಾಬಾದಿನಲ್ಲಿ ಓದುತ್ತಿರುವ ಅವರ ಮೊಮ್ಮಗ ರಜೆಗೆಂದು ಊರಿಗೆ ಬಂದಿದ್ದನಂತೆ. ರಾತ್ರಿ ಊಟಕ್ಕೆ ಕುಳಿತಾಗ ಕೈಯಲ್ಲಿದ್ದ ಮೊಬೈಲನ್ನು ನೋಡುತ್ತ, ಇಂಥ ನಟನ ಆಸ್ತಿ ಇಷ್ಟು ಕೋಟಿ, ಇಂಥ ಕ್ರಿಕೆಟ್ ಆಟಗಾರನದು ಇಷ್ಟು ಕೋಟಿ ಎಂದು ಒಂದೊಂದಾಗಿ ಎಲ್ಲರಿಗೂ ಓದಿ ಹೇಳಿದನಂತೆ. ಕೊನೆಗೆ ತಲೆಯೆತ್ತಿ, "ಮುತ್ಯಾ, ನಮ್ಮದು ನೆಟ್ ವರ್ತ್ ಎಷ್ಟದ?" ಎಂದು ಕೇಳಿಬಿಟ್ಟನಂತೆ. ಹುಡುಗ ಕೇಳಿದ್ದು ವಿನೋದಕ್ಕೆ. ಆದರೆ ಮೂವತ್ತನಾಲ್ಕು ವರ್ಷ ಊರ ಮಕ್ಕಳಿಗೆ ಗಣಿತ ಕಲಿಸಿದ ಅಜ್ಜನಿಗೆ ಉತ್ತರ ಹೊಳೆಯಲಿಲ್ಲ. "ರೊಟ್ಟಿ ಮುರಿದ ಕೈ ಹಾಗೆಯೇ ನಿಂತಿತು. ನಾನು ಬದುಕಿದ ಬದುಕನ್ನು ಯಾರೋ ಎತ್ತಿ ತಕ್ಕಡಿಯಲ್ಲಿಟ್ಟಂತಾಯಿತು" ಎಂದು ಅವರು ಬರೆದಿದ್ದಾರೆ. ಈ ಲೆಕ್ಕವನ್ನು ಹಾಕುವ ಬಗೆ ಹೇಗೆ, ದೊಡ್ಡವರ ಲೆಕ್ಕವನ್ನು ಹಾಕುವವರು ಯಾರು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ಅವರ ಪ್ರಶ್ನೆ. ಕಾಗದದ ಕೊನೆಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಅದನ್ನು ಆಮೇಲೆ ಹೇಳುತ್ತೇವೆ.

ಲೆಕ್ಕದ ಬಗೆ ಬಹು ಸರಳವಾದುದು. ಒಬ್ಬನಿಗೆ ಇರುವುದೆಲ್ಲದರ ಬೆಲೆಯನ್ನು ಕೂಡಿಸಿ, ಆತ ಇತರರಿಗೆ ಕೊಡಬೇಕಾದುದೆಲ್ಲವನ್ನೂ ಅದರಲ್ಲಿ ಕಳೆದರೆ ಉಳಿಯುವುದೇ ನಿವ್ವಳ ಆಸ್ತಿ. ನಮ್ಮ ಪೇಟೆಯ ಯಾವ ಸಾಹುಕಾರನಿಗೂ ದೀಪಾವಳಿಯ ದಿನ ಹೊಸ ಖಾತೆ ತೆರೆಯುವ ಮೊದಲು ಮಾಡಿ ಗೊತ್ತಿರುವ ಲೆಕ್ಕವೇ ಇದು. ನಮ್ಮ ದೇಶದ ಸರಕಾರವೂ 1957ರಿಂದ 2015ರವರೆಗೆ ಸಂಪತ್ತಿನ ತೆರಿಗೆಯೆಂಬ ಹೆಸರಿನಲ್ಲಿ ಇಂಥ ನಿವ್ವಳದ ಮೇಲೆಯೇ ತೆರಿಗೆ ಹಾಕುತ್ತಿತ್ತು. ಕೂಡಿಸುವುದು, ಕಳೆಯುವುದು ಎರಡೂ ಮೂರನೆಯ ಇಯತ್ತೆಯ ಗಣಿತ. ತೊಡಕಿರುವುದು "ಬೆಲೆ" ಎಂಬ ಮಾತಿನಲ್ಲಿ. ಅದಕ್ಕಿಂತ ಹೆಚ್ಚಿನ ತೊಡಕು "ಕೊಡಬೇಕಾದುದು" ಎಂಬ ಮಾತಿನಲ್ಲಿದೆ.

ಉದಾಹರಣೆಗೆ ಅಮೆರಿಕೆಯವರೆಗೆ ಹೋಗುವ ಕಾರಣವಿಲ್ಲ. ಒಂದು ಕಾಲಕ್ಕೆ ಜಗತ್ತಿನ ಅತ್ಯಂತ ಸಿರಿವಂತನೆನಿಸಿಕೊಂಡವನ ಪ್ರಜೆಗಳಾಗಿಯೇ ನಮ್ಮ ಹಿರಿಯರು ಬಾಳಿದ್ದರು. ಇಂದು ಗಡಿಯ ಈಚೆಗೆ ಉಳಿದಿರುವ ತಾಂಡೂರು, ಕೊಡಂಗಲ್ ತಾಲ್ಲೂಕುಗಳು 1956ರವರೆಗೆ ಗುಲ್ಬರ್ಗಾ ಜಿಲ್ಲೆಯವು. ಜಹೀರಾಬಾದ್, ನಾರಾಯಣಖೇಡಗಳು ಬೀದರ್ ಜಿಲ್ಲೆಯವು. ಆ ಜಿಲ್ಲೆಗಳಾದರೋ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 1911ರಲ್ಲಿ ಪಟ್ಟಕ್ಕೆ ಬಂದರು. ಅವರ ಆಳ್ವಿಕೆಯ ಬೆಳ್ಳಿಹಬ್ಬದ ಹೊತ್ತಿಗೆ, 1937ರ ಫೆಬ್ರವರಿಯಲ್ಲಿ, ಅಮೆರಿಕೆಯ 'ಟೈಮ್' ಪತ್ರಿಕೆ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿ, ಜಗತ್ತಿನಲ್ಲೇ ಅತ್ಯಂತ ಧನಿಕನೆಂದು ಸಾರಿತು. ಅಂದು ಬಿದ್ದ ಆ ಬಿರುದು ಇಂದಿಗೂ ಅವರ ಹೆಸರಿಗೆ ಅಂಟಿಕೊಂಡಿದೆ.

1940ರ ಸುಮಾರಿಗೆ ನಿಜಾಮರ ಆಸ್ತಿ 200 ಕೋಟಿ ಡಾಲರು ಎಂಬ ಅಂಕಿಯನ್ನು ಒಬ್ಬರಿಂದೊಬ್ಬರು ನಕಲು ಮಾಡುತ್ತ ಬಂದಿದ್ದಾರೆ. ಅದು ಅಂದಾಜೇ ಹೊರತು ಯಾರೂ ಎಣಿಸಿ ಹೇಳಿದ್ದಲ್ಲ. ಅದನ್ನೇ ನಿಜವೆಂದು ಹಿಡಿಯೋಣ. ಇಂದಿನ ಹಣದಲ್ಲಿ ಅದು ಎಷ್ಟಾದೀತು? ಅಮೆರಿಕೆಯಲ್ಲಿ ದಿನಬಳಕೆಯ ಪದಾರ್ಥಗಳ ಬೆಲೆ 1940ರಿಂದ 2023ರೊಳಗೆ ಸುಮಾರು 22 ಪಟ್ಟು ಏರಿದೆ. ಆ ಅಳತೆಯಲ್ಲಿ ನಿಜಾಮರ ಸಿರಿ ಸುಮಾರು 4,400 ಕೋಟಿ ಡಾಲರು. ಬಂಗಾರದಿಂದ ಅಳೆಯುವೆವೆಂದರೆ, ಆಗ ಒಂದು ಔನ್ಸಿಗೆ 35 ಡಾಲರು. 2023ರಲ್ಲಿ ಸರಾಸರಿ 1,900ಕ್ಕೂ ಹೆಚ್ಚು. ಆ ಲೆಕ್ಕದಲ್ಲಿ ಸುಮಾರು 11,000 ಕೋಟಿ ಡಾಲರು. ಇನ್ನು ಕೆಲವರು ಮೂರನೆಯ ಅಳತೆ ಹಿಡಿಯುತ್ತಾರೆ. 1940ರಲ್ಲಿ ಇಡೀ ಅಮೆರಿಕೆಯ ವಾರ್ಷಿಕ ಉತ್ಪನ್ನವೇ ಸುಮಾರು 10,000 ಕೋಟಿ ಡಾಲರು. ನಿಜಾಮರ ಆಸ್ತಿ ಅದರ ನೂರನೆಯ ಎರಡು ಪಾಲು. 2023ರಲ್ಲಿ ಆ ಉತ್ಪನ್ನ 27 ಲಕ್ಷ ಕೋಟಿ ಡಾಲರುಗಳನ್ನು ಮೀರಿತ್ತು. ಅದರಲ್ಲಿ ನೂರಕ್ಕೆ ಎರಡೆಂದರೆ 50,000 ಕೋಟಿಗೂ ಮಿಕ್ಕುತ್ತದೆ! ಅದೇ ಮನುಷ್ಯ, ಅದೇ ತಿಜೋರಿ. ಅಳತೆಗೋಲು ಬದಲಾಯಿಸಿದ ಮಾತ್ರಕ್ಕೆ ಒಂದು ಹನ್ನೆರಡಾಯಿತು. ಪಟ್ಟಿ ಪ್ರಕಟಿಸುವವರು ತಾವು ಯಾವ ಕೋಲು ಹಿಡಿದರೆಂಬುದನ್ನು ಹೇಳುವ ಗೋಜಿಗೆ ಹೋಗುವುದು ವಿರಳ. ನಮ್ಮ ಅಜ್ಜಂದಿರು ಈ ವಿಷಯದಲ್ಲಿ ಜಾಣರಾಗಿದ್ದರು. ನಿಜಾಮರ ಏಳು ರೂಪಾಯಿ ಬ್ರಿಟಿಷರ ಆರು ರೂಪಾಯಿಗೆ ಸಮವಾಗಿದ್ದ ಕಾಲದಲ್ಲಿ, "ಹಾಲಿಯೋ ಕಲ್ದಾರವೋ" ಎಂದು ಮೊದಲು ಕೇಳಿಯೇ ಅವರು ವ್ಯವಹಾರದ ಮಾತಿಗೆ ಕೂಡುತ್ತಿದ್ದರು.

ಸಿರಿವಂತರ ಸುತ್ತ ಹಬ್ಬುವ ದಂತಕತೆಗಳೂ ಅಂಕಿಗಳನ್ನು ಉಬ್ಬಿಸುತ್ತವೆ. ಬಂಗಾರದ ಗಟ್ಟಿಗಳನ್ನು ಹೇರಿದ ಲಾರಿಗಳು ಕಿಂಗ್ ಕೋಠಿಯ ಅಂಗಳದಲ್ಲಿ ಗಾಲಿ ಹೂತು ನಿಂತಿದ್ದವೆಂದು ಒಂದು ಕತೆ. ಇಷ್ಟಿದ್ದೂ ಆ ಪ್ರಭು ಸೇದುತ್ತಿದ್ದುದು ಅಗ್ಗದ ಚಾರ್‌ಮಿನಾರ್ ಸಿಗರೇಟು, ಹಾಕುತ್ತಿದ್ದುದು ಹಳೆಯ ಟೋಪಿ ಎಂದು ಮತ್ತೊಂದು. ಯುದ್ಧದ ಕಾಲದಲ್ಲಿ ನಿಜಾಮರು ದೇಶಕ್ಕೆ 5,000 ಕಿಲೋ ಬಂಗಾರವನ್ನು ದಾನ ಮಾಡಿದರೆಂಬ ಮಾತನ್ನಂತೂ ನಮ್ಮಲ್ಲಿ ಕೇಳದವರಿಲ್ಲ. ನಡೆದುದು ಬೇರೆ. 1965ರಲ್ಲಿ ಕೇಂದ್ರ ಸರಕಾರ ರಾಷ್ಟ್ರರಕ್ಷಣೆಯ ಬಂಗಾರದ ಬಾಂಡುಗಳನ್ನು ಹೊರಡಿಸಿದಾಗ ನಿಜಾಮರು ಅದರಲ್ಲಿ 425 ಕಿಲೋ ಬಂಗಾರವನ್ನು ತೊಡಗಿಸಿದರು. ಅದಕ್ಕೆ ನೂರಕ್ಕೆ ಆರೂವರೆಯಂತೆ ಬಡ್ಡಿಯಿತ್ತು. ಆಪತ್ಕಾಲದಲ್ಲಿ ಅದು ದೊಡ್ಡ ನೆರವೇ ಸರಿ. ಅಷ್ಟು ತೊಡಗಿಸಿದವರು ಬೇರೆ ಯಾರಿದ್ದರು? ಆದರೆ ಕೊಟ್ಟ ಸಾಲ ಜನರ ಬಾಯಲ್ಲಿ ದಾನವಾಯಿತು, 425 ಎಂಬುದು 5,000 ಆಯಿತು. ಸತ್ತ ಅರಸನ ಲೆಕ್ಕವೇ ಹೀಗೆ ಬೆಳೆಯುವಾಗ, ಬದುಕಿರುವ ನಟರ ಲೆಕ್ಕ ಹೇಗೆ ಬೆಳೆಯಬಹುದೆಂಬುದನ್ನು ವಾಚಕರೇ ಊಹಿಸಬಹುದು.

ಬೆಲೆಯ ತೊಡಕನ್ನು ತಿಳಿಯಬೇಕಾದರೆ ನಿಜಾಮರ ಒಡವೆಗಳ ಕತೆಯನ್ನು ಕೇಳಬೇಕು. ಅವುಗಳಲ್ಲಿ ಜೇಕಬ್ ವಜ್ರವೆಂಬುದೊಂದು, ತೂಕ 184.75 ಕ್ಯಾರೆಟ್. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಕಾಲದಲ್ಲಿ, 1891ರಲ್ಲಿ, ಅದರ ವ್ಯಾಪಾರವಾಗಿ ಮೊಕದ್ದಮೆಯೂ ನಡೆದು ಅವರಿಗೆ ಅದರ ಮೇಲೆ ಬೇಸರ ಬಂದಿತ್ತು. ತಂದೆಯ ಪಾದರಕ್ಷೆಯ ಮೂತಿಯಲ್ಲಿ ತುರುಕಿಟ್ಟಿದ್ದ ಅದನ್ನು ಮಗ ಕಂಡುಹಿಡಿದು, ಕಾಗದ ಹಾರದಂತೆ ಮೇಜಿನ ಮೇಲೆ ಇಟ್ಟುಕೊಂಡರೆಂಬುದು ಪ್ರಸಿದ್ಧವಾಗಿದೆ. 1950ರ ದಶಕದ ಆರಂಭದಲ್ಲಿ ನಿಜಾಮರು ಈ ಒಡವೆಗಳನ್ನು ಟ್ರಸ್ಟುಗಳ ವಶಕ್ಕೆ ಕೊಟ್ಟರು. ಮಾರುವ ಮಾತು ಬಂದಾಗ ಹೊರದೇಶದ ಹರಾಜಿನವರ ಅಂದಾಜು ಬಹು ದೊಡ್ಡದಾಗಿತ್ತು. ಆದರೆ 1972ರ ಕಾನೂನಿನಂತೆ ಪ್ರಾಚೀನ ಕಲಾವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ವರ್ಷಗಟ್ಟಲೆ ವ್ಯಾಜ್ಯ ನಡೆದು, ಕೊನೆಗೆ 1995ರಲ್ಲಿ ಭಾರತ ಸರಕಾರ 173 ಒಡವೆಗಳನ್ನು ಸುಮಾರು 218 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಈಗ ಅವು ರಿಸರ್ವ್ ಬ್ಯಾಂಕಿನ ಭದ್ರ ಕೋಣೆಯಲ್ಲಿವೆ. 2019ರಲ್ಲಿ ದಿಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಅವನ್ನು ಸಾರ್ವಜನಿಕರಿಗೆ ತೋರಿಸಿದ್ದರು. ಹಾಗಾದರೆ ಆ ವಜ್ರದ ಬೆಲೆ ಯಾವುದು? ಕೊಳ್ಳುವವನು ಒಬ್ಬನೇ ಇದ್ದಾಗ ಬಂದುದೋ, ಹತ್ತು ಜನರಿದ್ದಿದ್ದರೆ ಬರಬಹುದಾಗಿದ್ದುದೋ? ಕಾಗದದ ಮೇಲಿಟ್ಟ ಕಲ್ಲಾಗಿದ್ದ ಕಾಲದಲ್ಲಿ ಅದಕ್ಕೆ ಎರಡೂ ಬೆಲೆ ಇರಲಿಲ್ಲ.

ಲಂಡನ್ನಿನ ಹಣದ ಪ್ರಸಂಗ ಇದಕ್ಕಿಂತಲೂ ವಿಚಿತ್ರವಾದುದು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತದ ಸೈನ್ಯಕ್ಕೆ ಶರಣಾಯಿತು. ಮೂರು ದಿನಗಳ ಮೇಲೆ, ಸೆಪ್ಟೆಂಬರ್ 20ರಂದು, ನಿಜಾಮರ ಅರ್ಥಮಂತ್ರಿಗಳಾಗಿದ್ದ ಮೊಯಿನ್ ನವಾಜ್ ಜಂಗರು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿ ನಿಜಾಮರ ಸರಕಾರದ ಖಾತೆಯಲ್ಲಿದ್ದ 10,07,940 ಪೌಂಡು 9 ಷಿಲಿಂಗನ್ನು ಪಾಕಿಸ್ತಾನದ ಹೈಕಮಿಷನರ್ ರಹಿಮ್ತೂಲರ ಹೆಸರಿಗೆ ವರ್ಗಾಯಿಸಿದರು. ವಾರದೊಳಗೆ ನಿಜಾಮರು, ಇದು ತಮ್ಮ ಅಪ್ಪಣೆಯಿಲ್ಲದೆ ನಡೆದುದು, ಹಣ ಮರಳಿಸಿರಿ ಎಂದು ಬ್ಯಾಂಕಿಗೆ ತಿಳಿಸಿದರು. ಬ್ಯಾಂಕು ಒಪ್ಪಲಿಲ್ಲ. ನ್ಯಾಯಾಲಯದ ಮೆಟ್ಟಿಲೇರಿದರೆ, ಪಾಕಿಸ್ತಾನ ಸ್ವತಂತ್ರ ರಾಷ್ಟ್ರವಾದುದರಿಂದ ಅದನ್ನು ಇಲ್ಲಿ ಎಳೆಯಲಾಗದೆಂದು 1957ರಲ್ಲಿ ಅಲ್ಲಿಯ ಪ್ರಭುಗಳ ಸಭೆ ತೀರ್ಪಿತ್ತಿತು. ಹಣ ಹಾಗೆಯೇ ಮಲಗಿತು. 2013ರಲ್ಲಿ ಪಾಕಿಸ್ತಾನವೇ ಹಣ ತನಗೆ ಸೇರಬೇಕೆಂದು ದಾವೆ ಹೂಡಿದ ಮೇಲೆ ವ್ಯಾಜ್ಯಕ್ಕೆ ಮತ್ತೆ ಜೀವ ಬಂದು, 2019ರ ಅಕ್ಟೋಬರ್ 2ರಂದು ಲಂಡನ್ನಿನ ಹೈಕೋರ್ಟು ಪಾಕಿಸ್ತಾನದ ಹಕ್ಕನ್ನು ತಳ್ಳಿಹಾಕಿತು. ನಿಜಾಮರ ಇಬ್ಬರು ಮೊಮ್ಮಕ್ಕಳೂ ಭಾರತ ಸರಕಾರವೂ ತಮ್ಮೊಳಗೆ ಒಪ್ಪಂದ ಮಾಡಿಕೊಂಡಿದ್ದರು. ಹಣ ಅವರ ಕಡೆಗೆ ಬಂತು. ಅಷ್ಟರಲ್ಲಿ ಅದು ಬೆಳೆದು 3.5 ಕೋಟಿ ಪೌಂಡು ಆಗಿತ್ತು. ಎಷ್ಟು ದೊಡ್ಡ ಮೊತ್ತ ಎನ್ನಿಸಬಹುದು. ಆ 71 ವರ್ಷಗಳಲ್ಲಿ ಇಂಗ್ಲೆಂಡಿನ ಬೆಲೆಗಳೂ ಹೆಚ್ಚುಕಡಮೆ ಅಷ್ಟೇ ಪಟ್ಟು ಏರಿದ್ದವು. ನಿಜಾರ್ಥದಲ್ಲಿ ಹಣ ಎಲ್ಲಿತ್ತೋ ಅಲ್ಲೇ ಇತ್ತು.

ನಮಗೆ ಕುತೂಹಲವಾಗುವುದು ಇಷ್ಟು: ಆ 71 ವರ್ಷ ಈ ಹಣವನ್ನು ಯಾರ ನಿವ್ವಳದಲ್ಲಿ ಹಿಡಿಯಬೇಕಾಗಿತ್ತು? ಮೂವರೂ ತಮ್ಮದೆನ್ನುತ್ತಿದ್ದರು, ಮೂವರಲ್ಲಿ ಒಬ್ಬರೂ ಒಂದು ಪೆನ್ನಿಯನ್ನು ಮುಟ್ಟುವಂತಿರಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಬೇರೊಂದು ಪ್ರಶ್ನೆ ಏಳುತ್ತದೆ. ನಿಜಾಮರ ಸಂಸ್ಥಾನದಲ್ಲಿ ದಿವಾನಿ ಎಂಬುದು ಸರಕಾರದ ನೆಲ. ಸರ್ಫೆಖಾಸ್ ಎಂಬುದು ಅರಸನ ಸ್ವಂತ ಖರ್ಚಿಗೆ ಮೀಸಲಾದ ನೆಲ. ಸರ್ಫೆಖಾಸಿನ ವಿಸ್ತಾರ ಇಡೀ ರಾಜ್ಯದ ಹತ್ತರಲ್ಲಿ ಒಂದು ಪಾಲಿನಷ್ಟಿತ್ತು. 1949ರಲ್ಲಿ ಅದು ಸರಕಾರಕ್ಕೆ ಸೇರಿತು. ಅರಸನಿಗೆ ಜಗತ್ತಿನ ಸಿರಿವಂತನೆಂಬ ಹೆಸರು ತಂದುದರಲ್ಲಿ ಆ ನೆಲದ ಕಂದಾಯ ಎಷ್ಟು, ದರ್ಬಾರಿನಲ್ಲಿ ಬಂದವರೆಲ್ಲ ಕೈಮೇಲೆ ಇಟ್ಟು ಒಪ್ಪಿಸುತ್ತಿದ್ದ ನಜರಿನ ಅಶ್ರಫಿ ಎಷ್ಟು, ತಂದೆತಾತಂದಿರಿಂದ ಬಂದುದೆಷ್ಟು ಎಂದು ಬಿಡಿಸಿ ಹೇಳುವ ಪಟ್ಟಿ ನಮ್ಮ ಕಣ್ಣಿಗೆ ಬಿದ್ದಿಲ್ಲ. ಲಂಡನ್ನಿಗೆ ಹೋದ ಹತ್ತು ಲಕ್ಷ ಪೌಂಡಿನಲ್ಲಿ ಕೊಡಂಗಲ್ಲಿನ ಯಾವನೋ ಒಕ್ಕಲಿಗ ಜೋಳ ಮಾರಿ ಕಟ್ಟಿದ ಒಂದು ದುಡ್ಡು ಇರಲಿಲ್ಲವೆಂದು ಹೇಳಬಲ್ಲವರು ಯಾರು?

1967ರ ಫೆಬ್ರವರಿ 24ರಂದು ನಿಜಾಮರು ತೀರಿಕೊಂಡರು. ಪಟ್ಟ ಮೊಮ್ಮಗ ಮುಕರ್ರಮ್ ಜಾಹರಿಗೆ ಬಂತು. ಅದರೊಡನೆ ಹದಿನಾಲ್ಕು ಸಾವಿರಕ್ಕೂ ಮಿಕ್ಕ ಊಳಿಗದವರು, ಅಜ್ಜನ ಅಂತಃಪುರದ ಸಂಸಾರಗಳು, ಸಾಲು ಸಾಲು ಮೊಕದ್ದಮೆಗಳು, ಮರಣೋತ್ತರ ಆಸ್ತಿಯ ಮೇಲಿನ ತೆರಿಗೆ, ಇವೆಲ್ಲವೂ ಬಂದವು. 1971ರಲ್ಲಿ ರಾಜಧನವೂ ನಿಂತಿತು. ಆ ದಶಕದಲ್ಲಿ ಅವರು ಎಲ್ಲವನ್ನೂ ಬಿಟ್ಟು ಪಶ್ಚಿಮ ಆಸ್ಟ್ರೇಲಿಯಕ್ಕೆ ಹೋಗಿ ಕುರಿಸಾಕಣೆಯ ದೊಡ್ಡ ಜಮೀನು ಕೊಂಡರು. ಯಂತ್ರಗಳ ಹುಚ್ಚಿದ್ದ ಅವರು ಅಲ್ಲಿ ತಾವೇ ಬುಲ್ಡೋಜರ್ ನಡೆಸುತ್ತಿದ್ದರಂತೆ. ಸಾಲವೂ ವ್ಯಾಜ್ಯಗಳೂ ಅಲ್ಲಿಗೂ ಬೆನ್ನಟ್ಟಿದವು; ಆ ಜಮೀನೂ ಹೋಯಿತು. ಕೊನೆಯ ದಿನಗಳನ್ನು ತುರ್ಕಿಯಲ್ಲಿ ಸಾಧಾರಣ ಮನೆಯಲ್ಲಿ ಕಳೆದು 2023ರ ಜನವರಿ 14ರಂದು ಇಸ್ತಾಂಬುಲಿನಲ್ಲಿ ನಿಧನರಾದರು. ದೇಹವನ್ನು ಹೈದರಾಬಾದಿಗೆ ತಂದು ಮಕ್ಕಾ ಮಸೀದಿಯ ಆವರಣದಲ್ಲಿ ಹಿರಿಯರ ಪಕ್ಕದಲ್ಲಿ ಮಣ್ಣು ಮಾಡಿದರು. ಅಜ್ಜನ ಆಸ್ತಿಯನ್ನು ಎಣಿಸಿದವರು ಆ ಹದಿನಾಲ್ಕು ಸಾವಿರ ಹೊಟ್ಟೆಗಳನ್ನು "ಕೊಡಬೇಕಾದುದು" ಎಂಬ ಕಡೆ ಬರೆದಿರಲಿಲ್ಲ. ಮೊಮ್ಮಗ ಬರೆದುಕೊಳ್ಳಬೇಕಾಯಿತು.

ಇಂದಿನ ಪಟ್ಟಿಗಳ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಅಮೆರಿಕೆಯ 'ಫೋರ್ಬ್ಸ್' ಪತ್ರಿಕೆ 1982ರಲ್ಲಿ ತನ್ನ ದೇಶದ 400 ಸಿರಿವಂತರ ಪಟ್ಟಿಯನ್ನು ಆರಂಭಿಸಿ, 1987ರಲ್ಲಿ ಜಗತ್ತಿನ ಪಟ್ಟಿಗೆ ಕೈಹಾಕಿತು. ಅದರ ಮೊದಲ ವರ್ಷದ ಮೊದಲನೆಯವರು ಜಪಾನಿನ ತ್ಸುತ್ಸುಮಿ; 2,000 ಕೋಟಿ ಡಾಲರು ಎಂದು ಹೇಳಿದ್ದರು. ಸಿರಿಯ ಬಹುಭಾಗ ಜಪಾನಿನ ನೆಲ. ನೆಲದ ಬೆಲೆ ಕುಸಿದಾಗ ಸಿರಿಯೂ ಕುಸಿಯಿತು. 2005ರಲ್ಲಿ ಷೇರು ವ್ಯವಹಾರದ ಅಕ್ರಮಕ್ಕಾಗಿ ಅವರು ಸೆರೆಯಾದರು. (ಹೈದರಾಬಾದಿನಿಂದ ಬರುವ ರಸ್ತೆ ಅಗಲವಾದಾಗಿನಿಂದ ತಮ್ಮ ಎಕರೆಯ ಬೆಲೆಯನ್ನು ದಲ್ಲಾಳಿಯ ಬಾಯಿಂದ ಕೇಳಿ ನಿದ್ದೆಗೆಟ್ಟಿರುವ ನಮ್ಮ ವಾಚಕರು ಇದನ್ನು ಇನ್ನೊಮ್ಮೆ ಓದಲಿ ಎಂದು ಕೋರುತ್ತೇವೆ.) ಈಗ ಪಟ್ಟಿಯ ತುದಿಯಲ್ಲಿರುವವರ ಸಿರಿಯಾದರೋ ಹೆಚ್ಚಾಗಿ ತಮ್ಮದೇ ಕಂಪನಿಯ ಷೇರುಗಳು. ಷೇರುಗಳ ಸಂಖ್ಯೆಯನ್ನು ಅಂದಿನ ಪೇಟೆಯ ದರದಿಂದ ಗುಣಿಸಿದರೆ ಅಂಕಿ ಸಿದ್ಧ. ಎಲ್ಲವನ್ನೂ ಒಂದೇ ದಿನ ಮಾರಲು ಹೋದರೆ ಆ ದರ ನಿಲ್ಲುವುದಿಲ್ಲವೆಂಬುದನ್ನು ತಾಂಡೂರಿನ ಅಡತಿಯಲ್ಲಿ ತೊಗರಿ ಮಾರಿದ ಯಾವ ರೈತನೂ ಹೇಳಬಲ್ಲ. ಒಂದೇ ವಾರ ಎಲ್ಲರ ಬಂಡಿಯೂ ಬಂದು ನಿಂತರೆ ದರ ಏನಾಗುತ್ತದೆಂಬುದು ಅವನಿಗೆ ಗೊತ್ತು.

ಹೈದರಾಬಾದೇ ಇದನ್ನು ಕಣ್ಣಾರೆ ಕಂಡಿದೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಅಧ್ಯಕ್ಷರು, ಲೆಕ್ಕಪುಸ್ತಕದಲ್ಲಿ ತೋರಿಸಿದ್ದ 5,000 ಕೋಟಿಗೂ ಹೆಚ್ಚಿನ ನಗದು ವಾಸ್ತವದಲ್ಲಿ ಇಲ್ಲವೆಂದು ತಾವೇ ಪತ್ರ ಬರೆದು ಒಪ್ಪಿಕೊಂಡರು. ಅಂದು ಒಂದೇ ದಿನದಲ್ಲಿ ಷೇರಿನ ಬೆಲೆಯ ನಾಲ್ಕರಲ್ಲಿ ಮೂರು ಪಾಲು ಕರಗಿಹೋಯಿತು. ಹಿಂದಿನ ದಿನ ಸಂಜೆ ಆ ಷೇರು ಇಟ್ಟುಕೊಂಡಿದ್ದ ಮಧ್ಯಮವರ್ಗದ ಮನೆಗಳೆಲ್ಲ ತಮ್ಮ ನಿವ್ವಳವನ್ನು ಒಂದು ಬಗೆಯಾಗಿ ಬರೆಯಬಹುದಾಗಿತ್ತು, ಮರುದಿನ ಸಂಜೆ ಬೇರೊಂದು ಬಗೆಯಾಗಿ.

ನಟರ, ಆಟಗಾರರ ಅಂಕಿಗಳಿಗೆ ಇಷ್ಟರ ಆಧಾರವೂ ಇರುವುದಿಲ್ಲ. ಚಿತ್ರಕ್ಕೆ ಇಷ್ಟು, ಜಾಹೀರಾತಿಗೆ ಇಷ್ಟು ಎಂದು ಕೇಳಿದ ಮಾತನ್ನು ಕೂಡಿಸುತ್ತಾರೆ; ತೆರಿಗೆ, ಬಡ್ಡಿ, ಮುಳುಗಿದ ಚಿತ್ರದ ಸಾಲ ಇವು ಯಾರಿಗೂ ಕಾಣುವುದಿಲ್ಲವಾದುದರಿಂದ ಕಳೆಯುವುದಿಲ್ಲ. ಪ್ರಸಿದ್ಧರ ಆಸ್ತಿಯನ್ನು ಪ್ರಮಾಣಪೂರ್ವಕವಾಗಿ ತಿಳಿಯುವ ಸ್ಥಳ ನಮ್ಮ ದೇಶದಲ್ಲಿ ಚುನಾವಣೆಯ ನಾಮಪತ್ರ. 2003ರ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಅಭ್ಯರ್ಥಿಗಳು ಆಸ್ತಿಯೊಡನೆ ಸಾಲವನ್ನೂ ಬರೆದು ಸಹಿ ಮಾಡಬೇಕಾಗಿದೆ. ಪತ್ರಿಕೆಗಳಲ್ಲಿ ಆಸ್ತಿ ದಪ್ಪಕ್ಷರದಲ್ಲಿ ಬರುತ್ತದೆ. ಸಾಲದ ಕಾಲಂ ಕೊನೆಯ ಸಾಲಿಗೆ ಇಳಿಯುತ್ತದೆ, ಇಲ್ಲವೆ ಬಿಟ್ಟೇ ಹೋಗುತ್ತದೆ. ನಾವೂ ಪತ್ರಿಕೆ ನಡೆಸುವವರೇ ಆದುದರಿಂದ ಈ ದೋಷದಲ್ಲಿ ನಮ್ಮ ಪಾಲೂ ಇರಬಹುದು.

ಇನ್ನು ಅಧ್ಯಾಪಕರ ಕಾಗದಕ್ಕೆ ಬರೋಣ. ಗಣಿತದ ಮೇಷ್ಟ್ರು ಸುಮ್ಮನೆ ಕುಳಿತವರಲ್ಲ. ಆ ರಾತ್ರಿಯೇ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ನಡುವೆ ಗೆರೆ ಎಳೆದು ಬರೆಯತೊಡಗಿದರಂತೆ. ಅದರ ಪ್ರತಿಯನ್ನು ನಮಗೂ ಕಳುಹಿಸಿದ್ದಾರೆ. ಬಲಗಡೆ ಶಹಾಬಾದಿ ಕಲ್ಲು ಹಾಸಿದ ಮನೆ, ತೊಗರಿ ಬೆಳೆಯುವ ನಾಲ್ಕು ಎಕರೆ, ಅಂಚೆಕಚೇರಿಯಲ್ಲಿರುವ ಠೇವಣಿ, ಮನೆಯಾಕೆಯ ಒಡವೆ. ಎಡಗಡೆ ಬ್ಯಾಂಕಿನ ಬೆಳೆಸಾಲ, ಮೊಮ್ಮಗನ ಓದಿಗೆಂದು ಮಗ ಮಾಡಿರುವ ಸಾಲ. ಹೊಲದ ಮುಂದೆ ಎರಡು ಅಂಕಿ ಬರೆದು ಎರಡನ್ನೂ ಹೊಡೆದುಹಾಕಿದ್ದಾರೆ. ಒಂದು ದಲ್ಲಾಳಿ ಹೇಳಿದ್ದು, ಇನ್ನೊಂದು ಬೆಳೆ ನೋಡಿ ತಾವು ಹಾಕಿದ್ದು ಎಂದು ತೋರುತ್ತದೆ. ಎಡಗಡೆಯ ಕೊನೆಯಲ್ಲಿ "ಅಕ್ಕನ ಪಾಟಲಿ" ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಾರೆ.

1978ರಲ್ಲಿ ಬಿ.ಎಡ್. ಓದಲು ಕೈಯಲ್ಲಿ ದುಡ್ಡಿಲ್ಲದೆ ತಮ್ಮ ಮನೆಯಲ್ಲೇ ಕುಳಿತಿದ್ದಾಗ, ಸೇಡಮಿಗೆ ಕೊಟ್ಟಿದ್ದ ಅಕ್ಕ ಹಬ್ಬಕ್ಕೆ ತವರಿಗೆ ಬಂದವಳು ಕೈಯ ಎರಡು ಪಾಟಲಿಗಳನ್ನು ಬಿಚ್ಚಿ ಕೊಟ್ಟಳಂತೆ. ಎರಡು ತೊಲೆ ಬಂಗಾರ. ಮಾರಿದಾಗ 1,500 ರೂಪಾಯಿ ಬಂದಿತ್ತು. ಅತ್ತೆಯ ಮನೆಯಲ್ಲಿ ಆಕೆ ಏನೆಂದು ಹೇಳಿದಳೋ, ಇವರು ಕೇಳಲಿಲ್ಲ. ಆಮೇಲೆ ಆಕೆಯ ಕೈಯಲ್ಲಿ ಇವರು ಕಂಡದ್ದು ಗಾಜಿನ ಬಳೆಗಳನ್ನು ಮಾತ್ರ. ನೌಕರಿ ಬಂತು, ಮದುವೆಯಾಯಿತು, ಮಕ್ಕಳಾದರು. ಇಂದು ಕೊಟ್ಟೇನು ನಾಳೆ ಕೊಟ್ಟೇನು ಎನ್ನುತ್ತ ವರ್ಷಗಳು ಹೋದವು. ಅಕ್ಕ ಒಮ್ಮೆಯೂ ಕೇಳಲಿಲ್ಲ. ಈಗ ಆಕೆಗೆ ಎಂಬತ್ತರ ಹತ್ತಿರ ವಯಸ್ಸು. "ಇದರ ಮುಂದೆ ಎಷ್ಟೆಂದು ಬರೆಯಲಿ?" ಎಂಬುದೇ ಅವರ ಕೊನೆಯ ಪ್ರಶ್ನೆ.

ನಿಜಾಮರಿಗೆ ಹಿಡಿದ ಮೂರು ಅಳತೆಗೋಲುಗಳನ್ನೂ ನಾವು ಇದಕ್ಕೆ ಹಿಡಿದು ನೋಡಿದೆವು. ಬೆಲೆಗಳ ಏರಿಕೆಯಿಂದ ಅಳೆದರೆ ಸಾವಿರಗಳಲ್ಲಿ ಮುಗಿಯುತ್ತದೆ. ಬಂಗಾರದಿಂದ ಅಳೆದರೆ ಲಕ್ಷದ ಮಾತು. ಮೂರನೆಯದು, ಒಟ್ಟು ಉತ್ಪನ್ನದಲ್ಲಿ ಪಾಲೆಷ್ಟು ಎಂಬುದು. ಆ ಬಿ.ಎಡ್. ಇಲ್ಲದಿದ್ದರೆ ಮೂವತ್ತನಾಲ್ಕು ವರ್ಷದ ಸಂಬಳವಿಲ್ಲ, ಪಿಂಚಣಿಯಿಲ್ಲ, ಬಲಗಡೆ ಬರೆದಿರುವುದರಲ್ಲಿ ತಂದೆಯಿಂದ ಬಂದ ಹೊಲವನ್ನು ಬಿಟ್ಟರೆ ಬಹುತೇಕ ಯಾವುದೂ ಇಲ್ಲ. ಈ ಮೂರನೆಯ ಲೆಕ್ಕ ನಮ್ಮಿಂದಾಗಲಿಲ್ಲ.

ಬರುವ ಹುಣ್ಣಿಮೆಯ ಮೇಲೆ ಮೊಮ್ಮಗನನ್ನು ಕರೆದುಕೊಂಡು ಸೇಡಮಿಗೆ ಹೋಗುವುದಾಗಿ, ಅಷ್ಟರೊಳಗೆ ಉತ್ತರ ಬೇಕೆಂದು ಅವರು ಕೇಳಿದ್ದರು. ಖಾಲಿ ಬಿಟ್ಟಲ್ಲಿ ರೂಪಾಯಿ ಬರೆಯಬೇಡಿರಿ, "ಎರಡು ತೊಲೆ" ಎಂದು ಬರೆಯಿರಿ ಎಂದು ನಾವು ತಿಳಿಸಿದ್ದೇವೆ. ಪಾಟಲಿಯ ಅಳತೆಯನ್ನು ಮಾತ್ರ ಅಕ್ಕನ ಈಗಿನ ಕೈ ನೋಡಿಯೇ ಮಾಡಿಸಬೇಕು. ವಯಸ್ಸಾದವರ ಮಣಿಕಟ್ಟು ಸಣ್ಣದಾಗಿರುತ್ತದೆ.